ಬಂದದ

ದಾದರ್ ಸೇತುವೆಯ ಮೆಟ್ಟಿಲಿನಲ್ಲಿ ಯಾರದೋ ಟಿಫಿನ್ ಚೀಲ ಮೊಣಕೈಗೆ ಬಡಿದಾಗ ಗೌಹರ ಬೈಯಲೆಂದು ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಚೆಂಬೂರಿನಿಂದ ಇಲ್ಲಿಯವರೆಗೆ ತಾನು ಒಂದು ಮಾತೂ ಆಡಿಲ್ಲವೆಂಬುದು ಆಗ ಹೊಳೆಯಿತು. ಅದರ ಬೆನ್ನಿಗೇ, ಆಡದೆ ಇದ್ದದ್ದು ಬಹಳ ಹಿತವಾಗಿತ್ತೆಂಬುದೂ ಹೊಳೆದು, ರೋಜಾದ ದಿನ ಕದ್ದು ನೀರು ಕುಡಿದವಳ ಹಾಗೆ ಪಕ್ಕಕ್ಕೆ ನೋಡಿದಳು. ಪಕ್ಕದಲ್ಲಿ ಮಗಳು ತಹಮೀನಾ ಹತ್ತುತ್ತಿದ್ದಳು. ಹತ್ತನೆಯ ಕ್ಲಾಸು, ತಾಯಿಗಿಂತ ಎತ್ತರ, ಓಢಣಿಯನ್ನು ಎಡಕ್ಕಷ್ಟೇ ಎಳೆದುಕೊಂಡು ಬಲಗಿವಿ ಬಯಲು ಮಾಡಿಕೊಂಡಿದ್ದಾಳೆ. ಆ ಕಿವಿಯ ಮೇಲೆ ದೊಡ್ಡ ಗೋಡಂಬಿಯಂಥ ಒಂದು ಯಂತ್ರ, ಅದರಿಂದ ಹೊರಟ ಎಳೆ ವೈರು, ವೈರಿನ ತುದಿಗೆ ಕೂದಲೊಳಗೆ ಅಂಟಿಕೊಂಡ ದುಂಡನೆಯ ಬಿಲ್ಲೆ. ಬಿಲ್ಲೆಯ ಕೆಳಗೆ, ಚರ್ಮದ ಒಳಗೆ, ಮೂಳೆಯಲ್ಲಿ ಗೂಡು ಕೊರೆದು ಕೂರಿಸಿದ ಇನ್ನೊಂದು ಯಂತ್ರ. ಅದರ ತಂತಿ ಕಿವಿಯ ಶಂಖದಲ್ಲಿ ಸುರುಳಿ ಸುತ್ತಿಕೊಂಡಿದೆ. ನಾಲ್ಕು ವರ್ಷದವಳಿದ್ದಾಗ ಹಾಕಿಸಿದ್ದು. ಈಗ ಒಳಗಿನ ಆ ಯಂತ್ರ ಕೈಕೊಡುತ್ತಿದೆ. ಒಮ್ಮೆ ಸದ್ದು ಬರುತ್ತದೆ, ಒಮ್ಮೆ ಹೋಗುತ್ತದೆ, ನಡುವೆ ತಲೆಯೊಳಗೆ ಪಟಾಕಿ ಹೊಡೆದ ಹಾಗೆ ಸಿಡಿಯುತ್ತದೆ. ಹೊರಗಿನ ವೈರು, ಬಿಲ್ಲೆ, ಕೊನೆಗೆ ಗೋಡಂಬಿಯನ್ನೇ ಬದಲಿಸಿ ನೋಡಿಯಾಯಿತು. ಒಳಗಿನದನ್ನು ಕಂಪ್ಯೂಟರಿಗೆ ಜೋಡಿಸಿದರೆ ಎಲ್ಲ ಸರಿಯಿದೆ ಎನ್ನುತ್ತದೆ. ಯಂತ್ರ ಪಾಸು, ಹುಡುಗಿ ಫೇಲು. ಹೀಗಾದಾಗ ತಲೆಯನ್ನು ಮತ್ತೆ ತೆರೆಯಬೇಕೋ ಬೇಡವೋ ಎಂಬುದನ್ನು ಯಂತ್ರಕ್ಕೆ ಕೇಳಿ ಪ್ರಯೋಜನವಿಲ್ಲ, ಹುಡುಗಿಯನ್ನೇ ಕೇಳಬೇಕು, ಅವಳಿಗೆ ಏನು ಕೇಳುತ್ತದೆಂದು ಕೇಳಬೇಕು ಎಂದು ದೊಡ್ಡ ಡಾಕ್ಟರು ಹೇಳಿದ್ದರು. ಇವತ್ತು ಆ ಕೇಳುವ ದಿನ.

ಕಾಂದಿವಲಿಗೆ ಹೋಗುವ ಸ್ಲೋ ಗಾಡಿಯ ಹೆಂಗಸರ ಡಬ್ಬಿಯಲ್ಲಿ ಕಿಟಕಿಯ ಬಳಿ ಜಾಗ ಸಿಕ್ಕಿತು. ಮೊದಲ ಆಪರೇಶನ್ನಿಗೆ ಇದೇ ದಾರಿಯಲ್ಲಿ ಹೋಗುವಾಗ ಗೌಹರ ಆ ಸ್ಟೇಶನ್ನಿನ ಹೆಸರನ್ನು ತುಂಡು ತುಂಡು ಮಾಡಿ 'ಕಾನ್ ದೀ ವಲೀ' ಅಂದಿದ್ದಳು, ಕಿವಿ ಕೊಟ್ಟ ವಲಿ, ಅಂದರೆ ಸಂತ. ಅತ್ತೆ ಜೇಬುನ್ನೀಸಾ ಅದನ್ನು ಚೇಷ್ಟೆಯೆಂದು ತಿಳಿಯದೆ, ತಲೆಯ ಮೇಲೆ ಸೆರಗೆಳೆದುಕೊಂಡು ಆ ಹೆಸರಿನ ವಲಿಗೆ ಹರಕೆ ಹೊತ್ತು, ಹುಡುಗಿ ಮೊದಲ ಮಾತಾಡಿದ ದಿನ ಚಾಳಿನ ತುಂಬ ಸಕ್ಕರೆ ಹಂಚಿದ್ದಳು. ಗೌಹರಳ ಬಾಯಿ ಅಂಥದ್ದು. ಆಳಂದದ ಶಾಲೆಯಲ್ಲಿ ಮಾಸ್ತರರ ದನಿ ತೆಗೆದು, ಕಲಬುರ್ಗಿಯ ಕಾಲೇಜಿನಲ್ಲಿ ಪ್ರಿನ್ಸಿಪಾಲರ ಕೆಮ್ಮು ತೆಗೆದು, ಮದುವೆಯಾಗಿ ಮುಂಬಯಿಗೆ ಬಂದ ಮೇಲೆ ಮೀನಿನವಳು, ಬೋಂಬಿಲ್ ಮೀನಿನ ವಾಸನೆಗೆ ಮೂಗು ಮುಚ್ಚುವ ಮೇಲಿನ ಮನೆಯ ಮಾಮಿ, ಇಬ್ಬರ ಜಗಳವನ್ನೂ ಒಬ್ಬಳೇ ಆಡಿ ತೋರಿಸಿ, ಎಲ್ಲರಿಂದಲೂ ಬೈಸಿಕೊಂಡು ನಗಿಸಿದವಳು. ಈಗ ಗಾಡಿಯೊಳಗಿನ ಹೆಣ್ಣುದನಿ, ಮರಾಠಿಯಲ್ಲಿ ಒಮ್ಮೆ ಹಿಂದಿಯಲ್ಲಿ ಒಮ್ಮೆ ಇಂಗ್ಲಿಷಿನಲ್ಲಿ ಒಮ್ಮೆ, ಮುಂದಿನ ಸ್ಟೇಶನ್ನು ಬಾಂದ್ರಾ ಎಂದು ಹೇಳುತ್ತಿತ್ತು. ಮೂರು ಭಾಷೆಯಲ್ಲಿ ಒಂದೇ ಮಾತು, ಬೇಸರವಿಲ್ಲದೆ, ಯಾರೂ ಹೂಂ ಅನ್ನದೆ ಇದ್ದರೂ. ಹಿಂದೆಲ್ಲ ಗೌಹರ ಆ ದನಿಯನ್ನು ಹಿಡಿದು 'ಮುಂದಿನ ಸ್ಟೇಶನ್ ಅಡಗಿಮನಿ, ದಯವಿಟ್ಟು ಉಳ್ಳಾಗಡ್ಡಿಯಿಂದ ದೂರ ನಿಲ್ಲಿರಿ' ಎಂದು ಮಗಳನ್ನು ನಗಿಸುತ್ತಿದ್ದಳು. ಇವತ್ತು ಆ ದನಿ ಕೇಳಿ ಅವಳಿಗೆ ಆ ಹೆಂಗಸಿನ ಮೇಲೆ ಕನಿಕರ ಬಂತು. ಯಾರೋ ಒಂದು ದಿನ ಕೂರಿಸಿ ಹೇಳಿಸಿಕೊಂಡು ಹೋಗಿರುತ್ತಾರೆ. ಆಮೇಲೆ ಅವಳು ಮನೆಗೆ ಹೋಗಿ ಸುಮ್ಮನೆ ಇರಬಹುದು. ತನ್ನದು ಹಾಗಲ್ಲ. ತಾನು ರೆಕಾರ್ಡ್ ಅಲ್ಲ.

"ಅಮ್ಮೀ." ತಹಮೀನಾ ತನ್ನ ದನಿ ತನಗೆ ಕೇಳದೆ ಇದ್ದದ್ದರಿಂದ ಗಾಡಿಯ ಸದ್ದಿಗಿಂತ ಎತ್ತರಿಸಿ ಮಾತಾಡಿದಳು; ಎದುರಿನ ಹೆಂಗಸರು ಮೊಬೈಲಿನಿಂದ ತಲೆ ಎತ್ತಿದರು. "ಹೊಸಾದ್ ಹಾಕಿದ ಮ್ಯಾಲ ನಿನ್ನ ದನಿ ಬ್ಯಾರೆ ಕೇಳಸ್ತದಂತ. ದವಾಖಾನಿ ಪಾಟಣಕರ್ ಮೇಡಮ್ ಮೆಸೇಜ್ ಮಾಡಿದ್ರು. ಮೊದಲ ಮೊದಲ ಇಲಿ ಚೀಂವ್ ಅಂದಂಗ ಕೇಳಸ್ತದಂತ."

ಗೌಹರ ತುಟಿ ಕಾಣುವ ಹಾಗೆ ಮುಖ ತಿರುಗಿಸಿ, ಮೆಲ್ಲಗೆ, "ನಿಮ್ಮಪ್ಪನ ದನಿ?" ಅಂದಳು.

"ಹೆಗ್ಗಣ." ಹುಡುಗಿ ತನ್ನ ಜೋಕಿಗೆ ತಾನೇ ನಕ್ಕು, ನಗು ನಿಂತ ಮೇಲೆ ಅಂದಳು: "ಇಲಿ ಆದರೂ ನಡೀತದ. ನನಗ ಬೇಕು. ಸಾಲ್ಯಾಗ ಎಲ್ಲಾರೂ ನಕ್ಕ ಮ್ಯಾಲ ನಾ ನಗತೀನಿ. ಸಾಕಾಗ್ಯದ. ಇವತ್ತ ಡಾಕ್ಟರ್ ತಾರೀಖ ಕೊಡ್ತಾರಿಲ್ಲೋ?"

"ಕೊಡ್ತಾರ."

"ನೀ ಸರಿಯಾಗಿ ಹೇಳು. ನಾ ಹೇಳಿದ್ದು ಅವ್ರಿಗೆ ತಿಳಿಯಂಗಿಲ್ಲ."

ಎದುರಿನ ಹೆಂಗಸೊಬ್ಬಳು ಪಕ್ಕದವಳಿಗೆ, ಪಾಪ ಮದ್ರಾಸಿ ಇರಬೇಕು, ಬ್ಲೂಟೂತ್ ಹಾಕಿಕೊಂಡು ಯಾರ ಜೊತೆಗೋ ಜಗಳಾಡುತ್ತಿದ್ದಾಳೆ ಎಂದಳು. ಬುರ್ಖಾದ ತಾಯಿಗೆ ಮದ್ರಾಸಿ ಮಗಳು. ಗೌಹರ ತಿದ್ದಲಿಲ್ಲ. ತಿದ್ದುವುದೆಂದರೆ ಎಲ್ಲಿಂದ ಶುರುಮಾಡುವುದು? ಮನೆಯಲ್ಲಿ ಗಂಡ ಜಹಾಂಗೀರ, ಅತ್ತೆ, ತಾನು ಆಡುವುದು ದಖನಿ ಉರ್ದು; ಹೊರಗೆ ಹಿಂದಿ; ನಡುವೆ ಹುಡುಗಿಗೆ ಮಾತ್ರ ಕನ್ನಡ. ಮೊದಲ ಆಪರೇಶನ್ನಿನ ನಂತರ ಮಾತು ಕಲಿಸಲು ಚೆಂಬೂರಿನಲ್ಲೇ ಸಿಕ್ಕವರು ಮಹಾದೇವಿ ಟೀಚರ್, ಕಲಬುರ್ಗಿಯ ಕಡೆಯವರು, ಹಿಂದಿ ಆಡಿದರೆ ಕೇಳಿದವರಿಗೇ ಹಲ್ಲುನೋವು ಬರಬೇಕು. "ಒಂದ್ ಮನಿಗಿ ಒಂದ್ ತಲಬಾಗಲಾ, ಒಂದ್ ಕೂಸಿಗಿ ಒಂದ್ ಭಾಷಾ. ಆರಿಸ್ಕೊ ನಮ್ಮವ್ವಾ. ಮೂರು ಕಲಸಿದರ ಕೂಸು ಖಿಚಡಿ ಆಗತದ." ತಿಂಗಳುಗಟ್ಟಲೆ ಕಾದು ಸಿಕ್ಕ ಟೀಚರ್ ಅವರೊಬ್ಬರೇ ಆದ್ದರಿಂದ ಆರಿಸಿಕೊಳ್ಳುವುದಕ್ಕೆ ಇದ್ದದ್ದೂ ಒಂದೇ. ಅತ್ತೆ ಅತ್ತಳು. "ಅಪನೀಚ್ ಪೋತಿ ಅಪನೀ ಬಾತಾಂ ನೈ ಸಮಜ್ತೀ" ಎಂದು, ತನ್ನ ಮೊಮ್ಮಗಳೇ ತನ್ನ ಮಾತು ತಿಳಿಯದವಳಾದಳೆಂದು, ಈಗಲೂ ನೆಂಟರ ಮುಂದೆ ಹೇಳುತ್ತಾಳೆ. ಕನ್ನಡ ಸಂಘದ ಅಧ್ಯಕ್ಷರು ಮಾತ್ರ ಕುಣಿದಾಡಿದರು. ನವೆಂಬರಿನ ಸಭೆಯಲ್ಲಿ ಹುಡುಗಿಗೆ ಶಾಲು ಹೊದಿಸಿ, ಮೈಕಿಗೆ ತುಟಿ ಒತ್ತಿ, "ಬಂಧುಗಳೇ! ಮುಸಲ್ಮಾನರ ಕಿವುಡ ಮಗು! ಎಂಥಾ ಕನ್ನಡ! ನಮ್ಮ ಮಕ್ಕಳಿಗೆ ಕಿವಿ ಇದ್ದೂ ಏನು ಪ್ರಯೋಜನ?" ಎಂದು ಕೈ ಚಾಚಿದಾಗ ಸಭೆ ಚಪ್ಪಾಳೆ ಹೊಡೆಯಿತು. ಆಗ ಯಂತ್ರ ಚೆನ್ನಾಗಿತ್ತು. ಅಂದರೆ ಕಿವುಡ ಎಂಬ ಶಬ್ದ ಹುಡುಗಿಗೆ ಸ್ಪಷ್ಟವಾಗಿ ಕೇಳಿಸಿತು. ಮನೆಗೆ ಬಂದು ಗೌಹರ ಅಧ್ಯಕ್ಷರ ದನಿ ತೆಗೆದು, ಮೈಕಿನ ಬದಲು ಸೌಟು ಹಿಡಿದು ಆಡಿ ತೋರಿಸಿದ ಮೇಲೆಯೇ ಅವಳು ನಕ್ಕದ್ದು. ನೋವಾದಾಗಲೆಲ್ಲ ಒಂದು ನಕಲು. ಎಷ್ಟು ದನಿ ತೆಗೆದಿದ್ದೇನೆ, ನನ್ನ ದನಿ ಯಾವುದು ಎಂದು ಯಾರಾದರೂ ಕೇಳಿದರೆ ಹುಡುಕಿ ಕೊಡಲು ಸಮಯ ಬೇಕು ಎಂದು ಗೌಹರಳಿಗೆ ಅನಿಸುವುದಿತ್ತು.

ಏಕೆಂದರೆ ಮಹಾದೇವಿ ಟೀಚರ್ ಹೇಳಿದ ಇನ್ನೊಂದು ಮಾತನ್ನು ಅವಳು ಅಕ್ಷರಕ್ಕೆ ಅಕ್ಷರ ಪಾಲಿಸಿದ್ದಳು. "ನಿನ್ನ ಬಾಯಿ ಮುಚ್ಚಿದರ ಕೂಸಿನ ಕಿವಿ ಮುಚ್ಚತದ." ಹಾಗಾಗಿ ಬಾಯಿ ಮುಚ್ಚಲೇ ಇಲ್ಲ. ಅಮ್ಮಿ ಈಗ ಏನ ಮಾಡ್ಲಿಕತ್ತಾಳ? ಉಳ್ಳಾಗಡ್ಡಿ ಹೆಚ್ಚಲಿಕತ್ತಾಳ. ಉಳ್ಳಾಗಡ್ಡಿ ಹ್ಯಾಂಗದ? ಕೆಂಪಗದ. ಅಮ್ಮಿ ಯಾಕ ಅಳಲಿಕತ್ತಾಳ? ಉಳ್ಳಾಗಡ್ಡಿ ಖಾರ ಅದ. ಬೇರೆ ಕಾರಣಕ್ಕೆ ಅತ್ತ ದಿನವೂ ಉಳ್ಳಾಗಡ್ಡಿಯೇ. ಬಾಗಿಲು ತೆಗೆದರೆ ಬಾಗಿಲು ಅನ್ನಬೇಕು, ಮುಚ್ಚಿದರೆ ಮುಚ್ಚಿತು ಅನ್ನಬೇಕು, ಕುಕ್ಕರ್ ಕೂಗಿದರೆ ಅದರ ಜೊತೆ ಕೂಗಬೇಕು. ಪಾಪು, ಬಾಬು, ಮಾಮು: ತುಟಿಯಲ್ಲಿ ಮೂರೂ ಒಂದೇ, ಕಿವಿಯಲ್ಲಿ ಮಾತ್ರ ಬೇರೆ, ಆದ್ದರಿಂದ ತುಟಿಗೆ ಅಡ್ಡ ಸೆರಗು ಹಿಡಿದು ಪಾಪು, ಬಾಬು, ಮಾಮು, ಪಾಪು, ಬಾಬು, ಮಾಮು, ಕನಸಿನಲ್ಲೂ ಅದೇ. ತನ್ನ ಬದುಕಿಗೆ ತಾನೇ ಕ್ರಿಕೆಟ್ ಕಾಮೆಂಟರಿ ಹೇಳುತ್ತ ವರ್ಷಗಳು ಕಳೆದವು, ಆಡುವವಳೂ ತಾನೇ, ಔಟಾದವಳೂ ತಾನೇ. ರಿಫೈನರಿಯ ಕಡೆ ಪೈಪ್ ವೆಲ್ಡಿಂಗ್ ಮಾಡುವ ಜಹಾಂಗೀರ ಸಂಜೆ ಬಂದು, ಕಿವಿಯಲ್ಲಿ ಉಳಿದ ಗುಂಯ್ ಅನ್ನುವ ಸದ್ದನ್ನು ಬೆರಳು ಹಾಕಿ ಕುಲುಕಿ ಹೊರಗೆ ಕೆಡವಿ, ಮಗಳನ್ನು ನೋಡಿ ಕಣ್ಣು ತುಂಬಿಕೊಂಡು, "ತೂ ಹೈ ನಾ ಗೌಹರ" ಅನ್ನುತ್ತಿದ್ದ. ನೀನಿದ್ದೀಯಲ್ಲ. ಅದು ಅವನ ಪಾಲು. ನಿನ್ನೆಯೂ ಅದನ್ನೇ ಅಂದ. ಹೊಸ ಯಂತ್ರ ಹಾಕಿದರೆ ಮತ್ತೆ ಮೊದಲಿಂದ ಅಭ್ಯಾಸ ಮಾಡಿಸಬೇಕು, ಈ ಸಲ ಬೇಗ ಆದೀತು, ಆದರೂ ಕೆಲವು ತಿಂಗಳು ಬೇಕು ಎಂದು ಡಾಕ್ಟರು ಹೇಳಿದ್ದನ್ನು ತಿಳಿಸಿದಾಗ, ಅನ್ನದ ತಾಟಿನಿಂದ ತಲೆಯೆತ್ತದೆ, ತೂ ಹೈ ನಾ.

ಆದರೆ ಈ ಕೆಲವು ವಾರಗಳಿಂದ ಮನೆ ಸುಮ್ಮನಾಗಿತ್ತು. ಮೊದಮೊದಲು ಗೌಹರ ಗಾಬರಿಯಿಂದ ಹೆಚ್ಚು ಮಾತಾಡಿದಳು, ಕೂಗಿದಳು. ಹುಡುಗಿ ತಲೆ ಅಲ್ಲಾಡಿಸಿ ಯಂತ್ರ ತೆಗೆದು ಮೇಜಿನ ಮೇಲಿಟ್ಟು, ಪುಸ್ತಕ ಹಿಡಿದು ಗೋಡೆಗೊರಗಿದಳು. ಬೇಕಾದ್ದನ್ನು ಮೊಬೈಲಿನಲ್ಲಿ ಟೈಪ್ ಮಾಡಿ ತೋರಿಸುವಳು. ಒಂದು ಮಧ್ಯಾಹ್ನ ಗೌಹರ ಉಳ್ಳಾಗಡ್ಡಿ ಹೆಚ್ಚುತ್ತಿದ್ದಾಗ ಚಾಕು ಮಣೆಗೆ ತಾಗುವ ಸದ್ದು ಕೇಳಿಸಿತು. ಟಕ್ ಟಕ್ ಟಕ್. ಇಷ್ಟು ವರ್ಷ ಅದು ತನ್ನ ಮಾತಿನ ಅಡಿಯಲ್ಲಿ ಹೂತುಹೋಗಿತ್ತು. ಆಮೇಲೆ ಎಣ್ಣೆ ಕಾಯುವ ಸದ್ದು, ಗೋಡೆಯಾಚೆ ಯಾರೋ ಹಾಸಿಗೆ ಕೊಡವುವ ಸದ್ದು, ತನ್ನದೇ ಉಸಿರು. ಮಗಳ ಕಿವಿ ಮುಚ್ಚಿದಾಗ ತಾಯಿಯ ಕಿವಿ ತೆರೆದಿತ್ತು. ಅವಳು ಚಾಕು ಕೆಳಗಿಟ್ಟು ನೆಲದ ಮೇಲೆ ಕೂತು, ಯಾವ ಶಬ್ದಕ್ಕೂ ಹೆಸರು ಹೇಳದೆ, ಬಹಳ ಹೊತ್ತು ಕೇಳಿದಳು. ಇದು ತನಗೆ ಸಿಕ್ಕ ರಜೆ ಎಂದು ತಿಳಿದದ್ದೇ, ಯಾರ ತಲೆಯಲ್ಲಿ ಪಟಾಕಿ ಸಿಡಿದು ಈ ರಜೆ ಸಿಕ್ಕಿತೆಂಬುದೂ ತಿಳಿದು ಎದ್ದಳು. ಮರುದಿನ ಮತ್ತೆ ಕೂತಳು.

ಆಸ್ಪತ್ರೆಯ ಗೇಟಿನಲ್ಲಿ ಲೋಹ ಹುಡುಕುವ ಕೋಲು ಹಿಡಿದ ಕಾವಲಿನವಳು ತಹಮೀನಾಳ ತಲೆಯ ಬಳಿ ಕೋಲು ಕೂಗಿಕೊಂಡಿತೆಂದು ಓಢಣಿ ತೆಗೆಸಿದಳು. ಕಿವಿ ರಿಪೇರಿಯ ಆಸ್ಪತ್ರೆಯಲ್ಲಿ ಕಿವಿಯನ್ನೇ ತಡೆಯುತ್ತೀಯಲ್ಲ ತಾಯಿ ಎಂದು ಗೌಹರ ಅನ್ನಬಹುದಿತ್ತು, ಅನ್ನಲಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಪಾಟಣಕರ್ ಮೇಡಮ್ ಎದ್ದು ನಿಂತು, "ಯಾ ಯಾ, ಕೂಡು ಕೂಡು!" ಎಂದರು. ಹುಡುಗಿಯ ಯಂತ್ರಕ್ಕೆ ಸದ್ದು ಹೊಂದಿಸಿ ಕೊಡುವವರು ಮೊದಲಿನಿಂದಲೂ ಅವರೇ. ದುಂಡಗಿನ ಮರಾಠಿ ಹೆಂಗಸು, ಒಳ್ಳೆಯವರು, ಈ ಹುಡುಗಿಗಾಗಿ ಗೌಹರಳಿಂದ ನಾಲ್ಕು ಕನ್ನಡ ಶಬ್ದ ಕಲಿತವರು: ಕೂಡು, ಇಲ್ಲ, ಶಾಣ್ಯಾ, ಬಂದದ. ಬಂದದ ಎಂದರೆ ಸದ್ದು ಬಂದಿದೆ. ಸಣ್ಣವಳಿದ್ದಾಗ ಹುಡುಗಿ ಪ್ರತಿ ಸದ್ದಿಗೂ ಬಂದದ, ಬಂದದ ಎಂದು ಕುರ್ಚಿಯ ಮೇಲೆ ಕುಪ್ಪಳಿಸುತ್ತಿದ್ದಳು. ಈ ಶಬ್ದವನ್ನು ಮೇಡಮ್ ಉಳಿದ ಆಡಿಯಾಲಜಿಸ್ಟರ ಮುಂದೆ ಒಡವೆಯ ಹಾಗೆ ತೋರಿಸಿಕೊಳ್ಳುವುದಿತ್ತು.

"ಆಜ್ ಬಹುತ್ ಗರ್ದೀ ಹೈ, ಗೌಹರಜೀ. ವರ್ಡ್ ಟೆಸ್ಟ್ ಛೋಡ್ ದೇತೇ ಹೈಂ. ವೈಸೇ ಭೀ ಕನ್ನಡಾ ಲಿಸ್ಟ್ ಮೇರೇ ಪಾಸ್ ಕಹಾಂ?" ಜನ ಬಹಳ, ಶಬ್ದಗಳ ಪರೀಕ್ಷೆ ಬೇಡ, ಕನ್ನಡದ ಪಟ್ಟಿಯೂ ತಮ್ಮ ಬಳಿ ಇಲ್ಲವೆಂದು ಮೇಡಮ್ ತಹಮೀನಾಳನ್ನು ಗೋಡೆಗೆ ಮುಖ ಮಾಡಿ ಕೂರಿಸಿದರು. ಒಳಗಿನ ತಂತಿಯ ಮೇಲೆ ಸಾಲಾಗಿ ಬಿಂದುಗಳಿವೆ. ಒಂದೊಂದಕ್ಕೆ ಒಂದೊಂದು ಸದ್ದು ಕಳಿಸುವುದು, ಕಳಿಸುವ ಮುಂಚೆ ಪೆನ್ನಿನಿಂದ ಭುಜ ತಟ್ಟುವುದು, ಬಂತೋ ಇಲ್ಲವೋ ಹುಡುಗಿ ಹೇಳುವುದು. ಗೌಹರ ಹಿಂದಿನ ಸ್ಟೂಲಿನ ಮೇಲೆ ಚೀಲ ತೊಡೆಗಿಟ್ಟುಕೊಂಡು ಕೂತಳು. ಪೆನ್ನು ತಟ್ಟಿತು. "ಬಂದದ" ಎಂದಳು ತಹಮೀನಾ. ಮತ್ತೆ ಪೆನ್ನು. "ಬಂದದ." ಮೇಡಮ್ ಕಂಪ್ಯೂಟರಿನಲ್ಲಿ ಹಸಿರು ಗುರುತು ಒತ್ತಿದರು. ಮತ್ತೆ ಪೆನ್ನು. ಈ ಸಲ ಹುಡುಗಿ ಸ್ವಲ್ಪ ಕಾದಳು. ಆಮೇಲೆ, "ಬಂದ್ ಅದ."

"ಬಂದದ! ಶಾಣ್ಯಾ!" ಎಂದು ಮೇಡಮ್ ಹಸಿರು ಒತ್ತಿದರು.

ಗೌಹರಳಿಗೆ ಮೊದಲು ಬಂದದ್ದು ನಗು. ಬಂದ್ ಅದ, ಎಂದರೆ ಮುಚ್ಚಿದೆ. ಚಾಳಿನಲ್ಲಿ ನೀರು ನಿಂತ ದಿನ ನಳ ಬಂದ್ ಅದ, ಹರತಾಳದ ದಿನ ದುಕಾನ ಬಂದ್ ಅದ, ಈ ವಾರಗಳಲ್ಲಿ ದಿನಕ್ಕೆ ಹಲವು ಸಲ ಕಿವಿ ಮುಟ್ಟಿ ತೋರಿಸಿ, ಅಮ್ಮೀ ಬಂದ್ ಅದ. ಬಂದದ್ದಕ್ಕೂ ಬಂದ್ ಆದದ್ದಕ್ಕೂ ತಮ್ಮ ಕಡೆಯ ಬಾಯಿಯಲ್ಲಿ ಒಂದೇ ಸದ್ದು, ತುಟಿಯಲ್ಲೂ ಒಂದೇ ಆಕಾರ. ನಡುವೆ ನೂಲು ತೂರುವಷ್ಟು ಒಂದು ಸಂದು, ಅದೂ ಕೇಳುವವನಿಗೆ ಗೊತ್ತಿದ್ದರೆ. ಆ ಸಂದಿನಲ್ಲಿ ಹುಡುಗಿ ಉಸಿರು ತಡೆಯುವುದನ್ನು ಅವಳಿಗೆ ಉಸಿರಾಡಲು ಕಲಿಸಿದವಳು ಮಾತ್ರ ಬಲ್ಲಳು. ಎಂಥಾ ಶ್ಲೇಷೆ, ತಾನು ಜನ್ಮವಿಡೀ ಒದ್ದಾಡಿದರೂ ಹೊಳೆದಿರಲಿಲ್ಲವಲ್ಲ, ಹುಡುಗಿ ಗೋಡೆ ನೋಡುತ್ತ ಹೇಳಿಬಿಟ್ಟಳು ಎಂದು ಹೆಮ್ಮೆಯಾಯಿತು. ಮೇಡಮ್ಮಿಗೆ ಹೇಳಿದರೆ ಹೊಟ್ಟೆ ಹಿಡಿದು ನಗುತ್ತಾರೆ. ಹೇಳಲೆಂದು ಬಾಯಿ ತೆರೆದಳು. ಪೆನ್ನು ತಟ್ಟಿತು. "ಬಂದ್ ಅದ." ಹಸಿರು. ಬಾಯಿ ತೆರೆದೇ ಇತ್ತು, ಮಾತು ಹೊರಡಲಿಲ್ಲ. ಈಗ ಹೇಳುತ್ತೇನೆ, ಇದೊಂದು ಆಗಲಿ. "ಬಂದದ." ಇದು ನಿಜವಾಗಿ ಬಂದದ್ದು. ಹಸಿರು. ಮುಂದಿನದು ಬಂದ್. ಹಸಿರು. ಮುಂದಿನದೂ. ಆಡಿದರೆ ಮಾತು ಹೋಯಿತು, ಒಡೆದರೆ ಮುತ್ತು ಹೋಯಿತು ಅನ್ನುತ್ತಾರೆ. ಗೌಹರ ಎಂದರೆ ಮುತ್ತೇ. ಮುತ್ತು ಚಿಪ್ಪಿನೊಳಗೆ ಬಾಯಿ ಮುಚ್ಚಿಕೊಂಡು ಕೂತಿತ್ತು. ತಾನೇನೂ ಸುಳ್ಳು ಹೇಳುತ್ತಿಲ್ಲ. ತಾನು ಏನನ್ನೂ ಹೇಳುತ್ತಿಲ್ಲ, ಅಷ್ಟೇ. ಎಷ್ಟು ಸುಲಭ. ಇಷ್ಟು ವರ್ಷದ ಮಾತಿನಿಂದ ಆಗದ್ದನ್ನು ಒಂದು ಮೌನ ಮಾಡಿಬಿಡುತ್ತದೆ: ಆಪರೇಶನ್ ಇಲ್ಲ, ಬೋಳಿಸಿದ ತಲೆಯಿಲ್ಲ, ಇಲಿಯಿಲ್ಲ, ಪಾಪು ಬಾಬು ಮಾಮು ಇಲ್ಲ, ಅಮ್ಮಿ ಏನ ಮಾಡ್ಲಿಕತ್ತಾಳ ಇಲ್ಲ. ಹುಡುಗಿ ಮೊಬೈಲಿನಲ್ಲಿ ಬರೆದು ತೋರಿಸುತ್ತಾಳೆ, ತಾನು ಟಕ್ ಟಕ್ ಎಂದು ಹೆಚ್ಚುತ್ತೇನೆ. ನರ ಚೆನ್ನಾಗಿದೆ ಎಂದು ದೊಡ್ಡ ಡಾಕ್ಟರು ಸ್ಕ್ಯಾನ್ ನೋಡಿ ಹೇಳಿದ್ದರು. ನಾರಿಯ ಸ್ಕ್ಯಾನ್ ಯಾರೂ ತೆಗೆಸಿರಲಿಲ್ಲ. ಗೋಡೆಯ ಕಡೆ ತಿರುಗಿದ ಹುಡುಗಿಯ ಕುತ್ತಿಗೆಯ ಮೇಲೆ ಬೆವರಿನಲ್ಲಿ ಒಂದು ಎಳೆ ಕೂದಲು ಅಂಟಿತ್ತು. ಕಷ್ಟಪಟ್ಟು ಕೇಳುವಾಗ ಅವಳು ಹೆಗಲು ಮೇಲಕ್ಕೆಳೆದುಕೊಳ್ಳುತ್ತಾಳೆ, ನಾಲ್ಕು ವರ್ಷದವಳಿದ್ದಾಗಿನಿಂದಲೂ. ಗೌಹರ ಆ ಹೆಗಲನ್ನು ನೋಡದೆ ಕಂಪ್ಯೂಟರಿನ ಹಸಿರನ್ನು ನೋಡಿದಳು. ಸಾಲಿಗೆ ಸಾಲು ಹಸಿರು.

ದೊಡ್ಡ ಡಾಕ್ಟರು ಕನ್ನಡಕವನ್ನು ಹಣೆಗೇರಿಸಿ ಆ ಹಸಿರನ್ನು ತಮ್ಮ ಪರದೆಯಲ್ಲಿ ನೋಡಿದರು. ದಣಿದ, ಸಭ್ಯ ಮನುಷ್ಯ, ಹುಡುಗಿಯ ಮುಖ ನೋಡಿಯೇ ಮಾತಾಡಬೇಕೆಂಬುದನ್ನು ಮರೆಯದವರು. "ಗುಡ್ ನ್ಯೂಸ್, ಬೇಟಾ. ಸಬ್ ಆ ರಹಾ ಹೈ. ದುಬಾರಾ ಖೋಲ್ನೇ ಕೀ ಜರೂರತ್ ನಹೀಂ. ಛೇ ಮಹೀನೇ ದೇಖೇಂಗೇ." ಆಮೇಲೆ ಗೌಹರಳಿಗೆ, ಸದ್ದೆಲ್ಲ ಬರುತ್ತಿದೆ, ಆರು ತಿಂಗಳು ನೋಡೋಣ, ಈ ವಯಸ್ಸಿನ ಮಕ್ಕಳಿಗೆ ಪರೀಕ್ಷೆಯ ಒತ್ತಡದಲ್ಲಿ ಹೀಗಾಗುವುದುಂಟು, ಚೆನ್ನಾಗಿರುವ ಯಂತ್ರವನ್ನು ತೆಗೆಯಲು ತಲೆಗೆ ಕತ್ತರಿ ಹಾಕುವುದು ಸರಿಯಲ್ಲ ಎಂದು ವಿವರಿಸಿದರು. ಬಾಗಿಲ ಬಳಿ ನಿಂತಿದ್ದ ಪಾಟಣಕರ್ ಮೇಡಮ್ ಸಿಹಿ ಹಂಚುವವರ ಹಾಗೆ ನಗುತ್ತಿದ್ದರು.

ತಹಮೀನಾ ಡಾಕ್ಟರ ತುಟಿಯಿಂದ ತಾಯಿಯ ತುಟಿಗೆ ಬಂದಳು. "ಏನಂದ್ರು?"

"ಆಪರೇಶನ್ ಬ್ಯಾಡ ಅಂದ್ರು."

"ಯಾಕ?"

ಗೌಹರ ಬಾಯಿ ದೊಡ್ಡದು ಮಾಡಿ, ಬಿಡಿಸಿ ಬಿಡಿಸಿ ಹೇಳಿದಳು. "ಎಲ್ಲಾ ಕೇಳಸಲಿಕತ್ತದ ಅಂತ."

"ಯಾರಿಗಿ?" ಎಂದಳು ಹುಡುಗಿ.

ಅದು ಜಾಣತನದ ಪ್ರಶ್ನೆಯಾಗಿರಲಿಲ್ಲ. ನಿಜವಾಗಿಯೂ ಯಾರೋ ಬೇರೆಯವರ ವಿಷಯ ಇರಬೇಕೆಂದು, ಫೈಲು ಅದಲುಬದಲಾಗಿರಬೇಕೆಂದು ಕೇಳಿದ್ದಳು; ಹಾಗೆ ಕೇಳುವಾಗ ಅವಳ ಹೆಗಲು ಮೇಲೆ ಹೋಗಿ ನಿಂತಿತು. ಗೌಹರಳಿಗೆ ತನ್ನ ನಾಲಿಗೆ ತಾನಾಗಿ ಹೊರಳಿದ್ದು ಆಮೇಲೆ ತಿಳಿಯಿತು.

"ಸಾಬ್, ವೋ ಬಂದದ ನಹೀಂ ಥಾ. ಬಂದ್ ಅದ ಥಾ."

ಡಾಕ್ಟರು ಹುಬ್ಬೇರಿಸಿದರು. ಅವರ ಕಿವಿಗೆ ಅವಳು ಒಂದೇ ಶಬ್ದವನ್ನು ಎರಡು ಸಲ ಹೇಳಿ ಒಂದು ಅಲ್ಲ, ಇನ್ನೊಂದು ಹೌದು ಎಂದಿದ್ದಳು. ಪಾಟಣಕರ್ ಮೇಡಮ್ ಆಗಲೇ ನಗಲು ಶುರುಮಾಡಿದ್ದರು. "ಸರ್, ಯೇ ಗೌಹರಜೀ ಹೈಂ ನಾ, ಬಹುತ್ ಜೋಕ್ ಕರತೀ ಹೈಂ. ಏಕ್ ಬಾರ್ ಆಪಕೀ ಆವಾಜ್ ಭೀ ನಿಕಾಲೀ ಥೀ." ತಮ್ಮ ದನಿಯನ್ನೂ ಇವಳು ಒಮ್ಮೆ ತೆಗೆದಿದ್ದಳೆಂದು ಕೇಳಿ ಡಾಕ್ಟರು ಸೌಜನ್ಯಕ್ಕೆ ನಕ್ಕರು. ಗೌಹರ ಕೈ ಆಡಿಸಿ, ನಳ ತಿರುಗಿಸಿ ತೋರಿಸಿ, ಏಕ್ ಆಯಾ ವಾಲಾ, ಏಕ್ ಬಂದ್ ವಾಲಾ, ಹಮಾರೇ ಮೇಂ ದೋನೋಂ ಏಕ್ ಜೈಸಾ ಎಂದಳು. ಜೋಕನ್ನು ಬಿಡಿಸಿ ಹೇಳಿದರೆ ಜೋಕು ಸಾಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಜೋಕಲ್ಲದ್ದನ್ನು ಬಿಡಿಸಿ ಹೇಳಿದರೆ ಅದು ಜೋಕಾಗುತ್ತದೆ ಎಂಬುದು ಈಗ ತಿಳಿಯಿತು. ಕೈ ಆಡಿಸಿದಷ್ಟೂ ತಾನು ಯಾರದೋ ನಕಲು ಮಾಡುತ್ತಿರುವ ಹಾಗೆ, ಮಗಳಿಗೆ ಆಪರೇಶನ್ ಬೇಕೆಂದು ಗೋಗರೆಯುವ ತಾಯಿಯ ನಕಲು ಮಾಡುತ್ತಿರುವ ಹಾಗೆ, ಅದೂ ಕೆಟ್ಟ ನಕಲು ಎನ್ನುವ ಹಾಗೆ ಅವಳಿಗೇ ಕಾಣತೊಡಗಿತು. ಕೈ ಇಳಿಸಿದಳು. ಯಾವ ದನಿಯನ್ನೂ ಹುಡುಕದೆ, "ಹಾಥ್ ಉಠಾನೇ ಕೋ ಬೋಲೋ, ಸಾಬ್. ಆಯಾ ತೋ ಹಾಥ್ ಉಪರ್. ಮುಹ್ ಸೇ ನಹೀಂ" ಎಂದಳು.

ಆ ದನಿಯಲ್ಲಿ ಏನಿತ್ತೋ, ಡಾಕ್ಟರು ಕನ್ನಡಕ ಇಳಿಸಿದರು. ಹೊರಗೆ ಕಾದವರು ಗೊಣಗುತ್ತಿದ್ದಂತೆಯೇ ಪರೀಕ್ಷೆ ಮತ್ತೊಮ್ಮೆ ನಡೆಯಿತು, ಈ ಸಲ ಡಾಕ್ಟರೂ ಹಿಂದೆ ನಿಂತರು. ಪೆನ್ನು ತಟ್ಟಿತು, ಕೈ ಎದ್ದಿತು. ಪೆನ್ನು ತಟ್ಟಿತು, ಕೈ ತೊಡೆಯ ಮೇಲೇ ಇತ್ತು. ಮತ್ತೆ ತೊಡೆಯ ಮೇಲೇ. ಪಾಟಣಕರ್ ಮೇಡಮ್ ಒಂದೊಂದೇ ಹಸಿರನ್ನು ಅಳಿಸುತ್ತ ಬಂದರು. ಅವರ ಮುಖ ಒಡವೆ ಹಿತ್ತಾಳೆಯೆಂದು ತಿಳಿದವರ ಹಾಗಾಗಿತ್ತು. ಕೊನೆಗೆ ಡಾಕ್ಟರು ಡೈರಿ ತೆರೆದು, ಮುಂದಿನ ತಿಂಗಳ ಮೊದಲ ವಾರ ಎಂದರು. ಹಳೆಯದನ್ನು ತೆಗೆದು ಅದೇ ಗೂಡಿನಲ್ಲಿ ಹೊಸದು. ತಹಮೀನಾ ತಾರೀಖನ್ನು ಅವರ ಬೆರಳಿನಿಂದಲೇ ಓದಿಕೊಂಡು, ಕೂತಲ್ಲೇ ಒಮ್ಮೆ ಕುಪ್ಪಳಿಸಿ, ದೊಡ್ಡವಳಾಗಿರುವುದು ನೆನಪಾಗಿ ಸುಮ್ಮನಾದಳು.

"ಆಪ್ ತೋ ವಹೀಂ ಬೈಠೀ ಥೀಂ ನಾ?" ಡಾಕ್ಟರು ಬರೆಯುತ್ತಲೇ ಕೇಳಿದರು. ನೀವು ಅಲ್ಲೇ ಕೂತಿದ್ದಿರಲ್ಲ. ಆರೋಪವಿರಲಿಲ್ಲ, ಬರೀ ಗೊತ್ತುಮಾಡಿಕೊಳ್ಳುವ ಕುತೂಹಲ. ಪಾಟಣಕರ್ ಮೇಡಮ್ ತಲೆಯೆತ್ತಿದರು. ಗಮನವಿರಲಿಲ್ಲ ಅನ್ನಬಹುದಿತ್ತು. ನನಗೂ ಬಂದದ ಎಂದೇ ಕೇಳಿಸಿತು ಅನ್ನಬಹುದಿತ್ತು, ಎಲ್ಲರೂ ನಂಬುತ್ತಿದ್ದರು, ಭಾಷೆಯನ್ನೇ ಬೈದು ಮುಗಿಸಬಹುದಿತ್ತು.

"ಬೈಠೀ ಥೀ, ಸಾಬ್" ಎಂದಳು ಗೌಹರ.

ಡಾಕ್ಟರ ಪೆನ್ನು ಒಂದು ಕ್ಷಣ ನಿಂತು ಮತ್ತೆ ಹೊರಟಿತು. ಮೇಡಮ್ ಬಾಗಿಲು ತೆರೆದು ಹಿಡಿದರು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವರ ನಾಲ್ಕು ಶಬ್ದಗಳಲ್ಲಿ ಒಂದೂ ಹೊರಬರಲಿಲ್ಲ.

ಕ್ಯಾಂಟೀನಿನಲ್ಲಿ ತಹಮೀನಾ ಇಡ್ಲಿಯ ತಟ್ಟೆಯನ್ನು ಬದಿಗೆ ಸರಿಸಿ ಅಪ್ಪನಿಗೆ ಮೆಸೇಜ್ ಕಳಿಸಿದಳು. ಮರುಕ್ಷಣ ಉತ್ತರ ಬಂತು, ಅಳುವ ಮುಖವೋ ನಗುವ ಮುಖವೋ ತಿಳಿಯದ ಒಂದು ಸಾಲು ಚಿತ್ರ. ಅದನ್ನು ತಾಯಿಗೆ ತೋರಿಸಿ, ಮೊಬೈಲು ಮಗುಚಿಟ್ಟು, ಕೇಳಿದಳು.

"ಒಳಗ ಎಲ್ಲಾರೂ ನಿನ್ನ ಯಾಕ ಹಂಗ ನೋಡಿದ್ರು?"

ಇಲ್ಲಿ ಸೆರಗು ಅಡ್ಡ ಹಿಡಿಯುವಂತಿಲ್ಲ. ಈ ಹುಡುಗಿಗೆ ಏನನ್ನಾದರೂ ಹೇಳಬೇಕೆಂದರೆ ಮುಖ ಕೊಟ್ಟೇ ಹೇಳಬೇಕು. ಬೇರೆ ತಾಯಂದಿರ ಹಾಗೆ ಬೆನ್ನು ತಿರುಗಿಸಿ, ಪಾತ್ರೆ ತೊಳೆಯುತ್ತ, ಗೋಡೆಗೆ ಹೇಳಿದ ಹಾಗೆ ಹೇಳಿ ಪಾರಾಗುವ ಭಾಗ್ಯ ಗೌಹರಳಿಗಿಲ್ಲ. ಅವಳು ಬೆಳಕು ತನ್ನ ಬಾಯಿಯ ಮೇಲೆ ಬೀಳುವ ಹಾಗೆ ಕುರ್ಚಿ ತಿರುಗಿಸಿಕೊಂಡಳು. ಮೊದಲು ಎರಡು ಶಬ್ದಗಳ ವಿಷಯ ಹೇಳಿದಳು, ಮೇಡಮ್ ಹ್ಯಾಗೆ ಮೋಸಹೋದರು ಎಂಬುದನ್ನು. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ ಉಳಿದದ್ದನ್ನು ಹೇಳಿದಳು. "ನನಗ ಮೊದಲಿಗೇ ತಿಳದಿತ್ತು. ನೀ ಬಂದ್ ಅದ ಅಂದಿ, ಅವ್ರು ಬಂದದ ಅಂತ ಒತ್ತಿದ್ರು. ನಾ ಹಿಂದ ಕುಂತಿದ್ದೆ. ನಾ ಹೇಳಬೇಕಿತ್ತು. ಹೇಳಲಿಲ್ಲ. ಸುಮ್ಮ ಕುಂತೆ." ತುಟಿಗಳು ನಡುಗಿದರೆ ಅಕ್ಷರ ಕೆಡುತ್ತವೆಂದು ಹಲ್ಲು ಕಚ್ಚಿ, "ಬೇಕಂತ ಸುಮ್ಮ ಕುಂತೆ. ದಣದಿದ್ದೆ" ಎಂದು ಸೇರಿಸಿದಳು.

ತಹಮೀನಾ ಅವಳ ಬಾಯಿಯನ್ನೇ ನೋಡುತ್ತಿದ್ದಳು, ಅದು ನಿಂತ ಮೇಲೂ, ಇನ್ನೇನಾದರೂ ಉಳಿದಿದೆಯೋ ಎನ್ನುವ ಹಾಗೆ. ನಗು ಅವಳ ಮುಖದ ಮೇಲಿಂದ ಪೂರ್ತಿ ಹೋಗಿರಲಿಲ್ಲ, ಅಥವಾ ಹೋಗಿದ್ದು ಗೊತ್ತಾಗುತ್ತಿರಲಿಲ್ಲ. ಪಕ್ಕದ ಮೇಜಿನಲ್ಲಿ ಯಾರೋ ಚಹದ ಲೋಟ ಇಟ್ಟರು.

"ನೀ ಸುಮ್ಮ ಕುಂತದ್ದು" ಎಂದಳು, "ನನಗ ಕೇಳಸಲಿಲ್ಲ."

ಗೌಹರ ತಲೆಯೆತ್ತಿದಳು. ಅದು ಜೋಕೇ, ತನ್ನ ಮಗಳು ಮಾಡುವಂಥ ಜೋಕೇ. ಅಥವಾ ಹೋಗಲಿ ಬಿಡು ಎಂಬ ಕ್ಷಮೆ. ಅಥವಾ ಹುಡುಗಿ ಈವರೆಗೆ ತನಗೆ ಹೇಳಿದ ಮಾತುಗಳಲ್ಲೆಲ್ಲ ಕ್ರೂರವಾದ ಮಾತು. ದನಿಯಿಂದ ತಿಳಿಯಬೇಕು. ಆದರೆ ತನ್ನ ದನಿ ತನಗೆ ಕೇಳದೆ ಹೋದ ಈ ವಾರಗಳಲ್ಲಿ ಹುಡುಗಿಯ ಮಾತಿನ ಏರಿಳಿತ ಸವೆದುಹೋಗಿತ್ತು. ಸಿಟ್ಟಾದರೂ ಮುದ್ದಾದರೂ ಹಲಗೆ ಇಟ್ಟ ಹಾಗೆ ಒಂದೇ ಮಟ್ಟ. ಊರಿನವರೆಲ್ಲರ ದನಿಯನ್ನು ಹಿಡಿಯಬಲ್ಲ ಗೌಹರ ಆ ಐದು ಶಬ್ದಗಳ ದನಿಯನ್ನು ಎಲ್ಲಿಂದ ಹಿಡಿಯಬೇಕೆಂದು ತಿಳಿಯದೆ, ಮೇಜಿನ ಮೇಲೆ ಮುಂದಕ್ಕೆ ಬಾಗಿ, "ಇನ್ನೊಮ್ಮಿ ಹೇಳು" ಎಂದಳು.

ತಹಮೀನಾ ಇಡ್ಲಿ ಮುರಿಯುತ್ತಿದ್ದವಳು ತಾಯಿಯ ತುಟಿ ನೋಡಿ, ಅರ್ಥಮಾಡಿಕೊಂಡು, ಇನ್ನೊಮ್ಮೆ ಹೇಳಿದಳು. ಮೊದಲಿನ ಹಾಗೆಯೇ.